4ಕೆ ವಿಡಿಯೊಗೆ ಮನೆಯಲ್ಲಿ ನಾಸ್: ದುಡ್ಡು ಎಲ್ಲಿ ಹಾಕ್ಬೇಕು, ಎಲ್ಲಿ ಬೇಡ

ಇವತ್ತಿನ ಮಾತು ನಾಸ್ ಬಗ್ಗೆ, ಅಂದ್ರೆ ಮನೆಯ ರೂಟರ್‌ಗೆ ಸಿಕ್ಕಿಸಿಡೋ ಸ್ಟೋರೇಜ್ ಡಬ್ಬದ ಬಗ್ಗೆ. ಪುಣೆ, ಹೈದರಾಬಾದ್, ಚೆನ್ನೈನಲ್ಲಿರೋ ನಮ್ಮಂಥವರ ಫೋನ್ ತುಂಬ ಏನಿರುತ್ತೆ? ಮಗುವಿನ ಮೊದಲ ಹೆಜ್ಜೆ, ಊರಿನ ತೇರು, ಅಜ್ಜಿ ಮಾತಾಡಿದ್ದು. ಸಿನಿಮಾ ಅಳಿಸಿಹೋದ್ರೆ ಎಲ್ಲೋ ಮತ್ತೆ ಸಿಗುತ್ತೆ, ಇವು ಸಿಗಲ್ಲ. ಆದ್ದರಿಂದ ಎರಡು ಪ್ರಶ್ನೆ: ಟಿವಿಯಲ್ಲಿ ತಡವರಿಸದೆ ಓಡಬೇಕು, ಹತ್ತು ವರ್ಷ ಆದ್ಮೇಲೂ ಇರಬೇಕು.

ಮೊದಲು ಲೆಕ್ಕ. ಐಫೋನ್‌ನಲ್ಲಿ 4ಕೆ, ಸೆಕೆಂಡಿಗೆ 60 ಫ್ರೇಮ್ ಇಟ್ಟು ತೆಗೆದ ಒಂದು ನಿಮಿಷದ ವಿಡಿಯೊ ಸುಮಾರು 400 ಎಂಬಿ. ಗಂಟೆಗೆ 24 ಜಿಬಿ. ಅದನ್ನ ಪ್ಲೇ ಮಾಡೋಕೆ ಬೇಕಾದ ವೇಗ ಸುಮಾರು 53 ಎಂಬಿಪಿಎಸ್. 4ಕೆ ಬ್ಲೂ-ರೇ ಡಿಸ್ಕ್‌ನ ಗರಿಷ್ಠ ವೇಗವೇ 128 ಎಂಬಿಪಿಎಸ್. ಸಾಧಾರಣ ಹಾರ್ಡ್ ಡಿಸ್ಕ್ ದೊಡ್ಡ ಫೈಲ್ ಓದುವಾಗ ಸೆಕೆಂಡಿಗೆ 100 ಮೆಗಾಬೈಟ್ ಆರಾಮಾಗಿ ಕೊಡುತ್ತೆ, ಅಂದ್ರೆ 800 ಎಂಬಿಪಿಎಸ್. ಹಾಗಾಗಿ ವಿಡಿಯೊ ನೋಡೋಕೆ ಅಂತ ಎಸ್‌ಎಸ್‌ಡಿ, 10 ಗಿಗಾಬಿಟ್ ಪೋರ್ಟ್‌ಗೆ ದುಡ್ಡು ಹಾಕೋದು ದಂಡ.

ಹಾಗಾದ್ರೆ ಸಿಕ್ಕಿಹಾಕಿಕೊಳ್ಳೋದು ಎಲ್ಲಿ? ಬಹಳ ಸಲ ದಾರಿಯಲ್ಲಿ. ಅಪಾರ್ಟ್‌ಮೆಂಟ್‌ಗಳಲ್ಲಿ 2.4 ಗಿಗಾಹರ್ಟ್ಸ್ ವೈಫೈ ಅಂದ್ರೆ ಸಂತೆ. ನಾಸ್, ಟಿವಿ ಎರಡೂ ವೈಫೈನಲ್ಲಿದ್ರೆ ಅದೇ ಡೇಟಾ ಗಾಳಿಯಲ್ಲಿ ಎರಡು ಸಲ ಓಡಾಡುತ್ತೆ. ಅದಕ್ಕೇ ನಾಸ್ ಮಾತ್ರ ಕಡ್ಡಾಯವಾಗಿ ಕೇಬಲ್‌ನಲ್ಲೇ ಇರಲಿ, ರೂಟರ್ ಪಕ್ಕದಲ್ಲಿ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯೋ ಕೆಲಸವೂ ಇಲ್ಲ. ಟಿವಿಗೆ 5 ಗಿಗಾಹರ್ಟ್ಸ್ ಸಾಕು. ಇನ್ನೊಂದು ವಿಚಾರ: ಎಷ್ಟೋ ಸ್ಮಾರ್ಟ್ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ದೇ. ತುಂಬ ಭಾರದ 4ಕೆ ಫೈಲ್‌ಗೆ ಅದಕ್ಕಿಂತ ಒಳ್ಳೆ ವೈಫೈ ವಾಸಿ.

ಎರಡನೇದು ಟ್ರಾನ್ಸ್‌ಕೋಡಿಂಗ್. ಟಿವಿಗೆ ಅರ್ಥವಾಗೋ ಫಾರ್ಮ್ಯಾಟ್ ಆದ್ರೆ ನಾಸ್ ಫೈಲನ್ನ ಹಾಗೇ ಕಳಿಸುತ್ತೆ. ಅದಕ್ಕೆ ಅಗ್ಗದ ಪ್ರೊಸೆಸರ್ ಸಾಕು. ಅರ್ಥವಾಗದಿದ್ರೆ ನಾಸ್ ಆಗಿಂದಾಗಲೇ ಬದಲಾಯಿಸಿ ಕಳಿಸಬೇಕು. ಆಗ ಇಂಟೆಲ್‌ನ ಕ್ವಿಕ್ ಸಿಂಕ್ ಥರದ ಹಾರ್ಡ್‌ವೇರ್ ನೆರವು ಬೇಕು. ನಾಸ್‌ನ ಸಾಫ್ಟ್‌ವೇರ್ ಅದನ್ನ ಬಳಸುತ್ತಾ ಅಂತಲೂ ನೋಡಿ. ಜೆಲ್ಲಿಫಿನ್‌ನಲ್ಲಿ ಈ ಸೌಲಭ್ಯ ಉಚಿತ, ಪ್ಲೆಕ್ಸ್‌ನಲ್ಲಿ ದುಡ್ಡು ಕೊಡಬೇಕು. ನಿಮಗೆ ಇದು ಬೇಕಾ ಅಂತ ತಿಳಿಯೋದು ಸುಲಭ: ಫೈಲನ್ನ ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿ. ಓಡಿದ್ರೆ ಟಿವಿಗೆ ಫಾರ್ಮ್ಯಾಟ್ ಗೊತ್ತು ಅಂತ. ಆಮೇಲೆ ಹಳೇ ಲ್ಯಾಪ್‌ಟಾಪ್‌ಗೆ ಜೆಲ್ಲಿಫಿನ್ ಹಾಕಿ ಒಂದು ವಾರ ನೋಡಿ. ಅಲ್ಲೂ ಸರಿಯಾಗಿ ಓಡಿದ್ರೆ ದುಬಾರಿ ಮಾಡೆಲ್ ಬೇಕಿಲ್ಲ.

ಉಳಿದ ದುಡ್ಡನ್ನ ಡಿಸ್ಕ್‌ಗೆ ಹಾಕಿ. ಸಿಎಂಆರ್ ಅಂತ ಸ್ಪಷ್ಟವಾಗಿ ಬರೆದಿರೋದನ್ನೇ ಕೊಳ್ಳಿ. ಎಸ್‌ಎಂಆರ್ ಡಿಸ್ಕ್‌ನಲ್ಲಿ ಟ್ರ್ಯಾಕ್‌ಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಇರ್ತವೆ. ಓದೋಕೆ ತೊಂದರೆ ಇಲ್ಲ, ಆದ್ರೆ ಕೆಟ್ಟ ಡಿಸ್ಕ್ ಬದಲಿಸಿ ರೇಡ್ ಮತ್ತೆ ಕಟ್ಟುವಾಗ ತೀರಾ ನಿಧಾನ ಆಗುತ್ತೆ.

ಈಗ ಮುಖ್ಯವಾದ ಮಾತು. ರೇಡ್ 1 ಅಂದ್ರೆ ಎರಡು ಡಿಸ್ಕ್‌ನಲ್ಲಿ ಒಂದೇ ಪ್ರತಿ. ಒಂದು ಡಿಸ್ಕ್ ಸತ್ತರೆ ಕಾಪಾಡುತ್ತೆ. ಆದ್ರೆ ನೀವು ತಪ್ಪಿ ಅಳಿಸಿದ್ರೆ ಎರಡರಲ್ಲೂ ಅಳಿಯುತ್ತೆ. ಕಳ್ಳತನ, ಸಿಡಿಲು, ರ‍್ಯಾನ್ಸಮ್‌ವೇರ್‌ಗೂ ಅದು ಉತ್ತರ ಅಲ್ಲ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನೋ ರ‍್ಯಾನ್ಸಮ್‌ವೇರ್, ಇಂಟರ್ನೆಟ್‌ಗೆ ನೇರವಾಗಿ ತೆರೆದಿಟ್ಟಿದ್ದ ಕ್ಯೂನ್ಯಾಪ್ ನಾಸ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತು. ಆದ್ದರಿಂದ ಊರಲ್ಲಿರೋ ಅಪ್ಪ-ಅಮ್ಮನಿಗೆ ಮೊಮ್ಮಗುವಿನ ವಿಡಿಯೊ ತೋರಿಸ್ಬೇಕು ಅಂತ ರೂಟರ್‌ನಲ್ಲಿ ಪೋರ್ಟ್ ತೆರೆಯೋಕೆ ಹೋಗಬೇಡಿ. ಟೇಲ್‌ಸ್ಕೇಲ್ ಥರದ ವಿಪಿಎನ್ ಬಳಸಿ. ಬ್ರಾಡ್‌ಬ್ಯಾಂಡ್‌ನವರು ನಿಮಗೇ ಅಂತ ಬೇರೆ ಐಪಿ ವಿಳಾಸ ಕೊಡದಿದ್ರೂ ಅದು ಕೆಲಸ ಮಾಡುತ್ತೆ. ಹೊರಗಿಂದ ನೋಡುವಾಗ ಮಾತ್ರ ನಿಮ್ಮ ಮನೆಯ ಅಪ್‌ಲೋಡ್ ವೇಗವೇ ಮಿತಿ.

ನನ್ನ ಸಲಹೆ ಇಷ್ಟೇ: ಎರಡು ಬೇ ಇರೋ ಸಾಧಾರಣ ನಾಸ್, ಎರಡು ಸಿಎಂಆರ್ ಡಿಸ್ಕ್, ಕರೆಂಟ್ ಹೋದಾಗ ಸರಿಯಾಗಿ ಆಫ್ ಆಗೋಕೆ ಒಂದು ಸಣ್ಣ ಯುಪಿಎಸ್. ಜೊತೆಗೆ ಒಂದು ಎಕ್ಸ್‌ಟರ್ನಲ್ ಡಿಸ್ಕ್. ಸಿನಿಮಾ ಬಿಟ್ಟು ಮನೆಯವರ ವಿಡಿಯೊಗಳನ್ನಷ್ಟೇ ಅದಕ್ಕೆ ಹಾಕಿ, ಹಬ್ಬಕ್ಕೆ ಊರಿಗೆ ಹೋದಾಗ ಅಲ್ಲಿನ ಬೀರುವಿನಲ್ಲಿ ಇಟ್ಟು ಬನ್ನಿ. ಮುಂದಿನ ಸಲ ಹೋದಾಗ ಇನ್ನೊಂದು ಡಿಸ್ಕ್ ಇಟ್ಟು, ಹಳೇದನ್ನ ವಾಪಸ್ ತಂದು ತೆರೆದು ನೋಡಿ. ಬ್ಯಾಕಪ್ ಇದೆ ಅಂತ ಗೊತ್ತಾಗೋದು ಅದರಿಂದ ಒಂದು ವಿಡಿಯೊ ಓಡಿಸಿ ನೋಡಿದ ಮೇಲೇ.