ಡಬ್ಬಿಯ ಬೆನ್ನು ಓದಬೇಕು

ಬೇಲೆಕೇರಿಯ ಚಿಕ್ಕಮ್ಮನ ಅಡುಗೆಮನೆಯಲ್ಲಿ, ಉಪ್ಪಿನ ಭರಣಿಯ ಪಕ್ಕ, ಶೇಕ್ ಪುಡಿಯ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಬಂದು ಕೂತಿದೆ. ಗೋವಾದಲ್ಲಿ ಕೆಲಸಕ್ಕಿರುವ ಮಗ ತಂದುಕೊಟ್ಟದ್ದು. ‘ಊಟದ ಬದಲು ಇದನ್ನ ಕುಡಿ, ಶುಗರ್ ಇಳೀತದೆ’ ಅಂದಿದ್ದ. ಚಿಕ್ಕಮ್ಮ ಕುಡಿದಳು. ಆದರೆ ಊಟದ ಬದಲಲ್ಲ, ಊಟವಾದ ಮೇಲೆ, ಬಿಸಿ ಹಾಲಿಗೆ ಕಲಸಿಕೊಂಡು. ತಿಂಗಳು ಬಿಟ್ಟು ಪರೀಕ್ಷೆ ಮಾಡಿಸಿದರೆ ಶುಗರ್ ಮೊದಲಿಗಿಂತ ಮೇಲೇರಿತ್ತು.

ಜಗಲಿಯಲ್ಲಿ ಕೂತು ಭೂತಗನ್ನಡಿ ಹಿಡಿದು ಡಬ್ಬಿಯನ್ನು ಓದಿದೆವು. ಮುಂದುಗಡೆ ದಪ್ಪಕ್ಷರದಲ್ಲಿ ‘ಸಕ್ಕರೆ ಸೇರಿಸಿಲ್ಲ’. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ. ಯಾವುದರ ತೂಕ ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಈ ಪಟ್ಟಿಯಲ್ಲಿ ಎರಡನೆಯ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್. ಪಿಷ್ಟವನ್ನು ಒಡೆದು ಮಾಡಿದ ಪುಡಿ. ಬಾಯಿಗೆ ಅಷ್ಟು ಸಿಹಿಯಿಲ್ಲ, ‘ಸಕ್ಕರೆ’ ಎಂಬ ಸಾಲಿನಲ್ಲೂ ಬಹುಪಾಲು ಲೆಕ್ಕಕ್ಕೆ ಬರುವುದಿಲ್ಲ. ಹೊಟ್ಟೆಗಿಳಿದರೆ ಮಾತ್ರ ಗ್ಲೂಕೋಸಿನಷ್ಟೇ ಬೇಗ ರಕ್ತ ಸೇರುತ್ತದೆ. ಹಾಗಾಗಿ ನೋಡಬೇಕಾದದ್ದು ಸಕ್ಕರೆಯ ಸಾಲಲ್ಲ, ಒಟ್ಟು ಕಾರ್ಬೋಹೈಡ್ರೇಟಿನ ಸಾಲು. ಅದೂ ನೂರು ಗ್ರಾಂಗೆ ಎಷ್ಟು ಎಂದಲ್ಲ, ನಾವು ಒಂದು ಸಲಕ್ಕೆ ಕುಡಿಯುವಷ್ಟಕ್ಕೆ ಎಷ್ಟು ಎಂದು. ಹಾಲಿಗೆ ಕಲಸಿದರೆ 200 ಮಿಲಿಗೆ ಇನ್ನೂ ಸುಮಾರು 10 ಗ್ರಾಂ ಕೂಡಿಸಿಕೊಳ್ಳಬೇಕು. ಪ್ರೋಟೀನೂ ನಾರೂ ಚೆನ್ನಾಗಿದ್ದರೆ ಹಸಿವು ತಡೆಯುತ್ತದೆ. ಅವು ಕಮ್ಮಿಯಿದ್ದರೆ ಒಂದು ತಾಸಿಗೆ ಮತ್ತೆ ಅವಲಕ್ಕಿ ಡಬ್ಬಕ್ಕೆ ಕೈ ಹೋಗುತ್ತದೆ.

ಶೇಕ್‌ಗಳೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ ರಾಯ್ ಟೇಲರ್, ಮೈಕ್ ಲೀನ್ ನಡೆಸಿದ ‘ಡೈರೆಕ್ಟ್’ ಅಧ್ಯಯನದ ಮೊದಲ ಫಲಿತಾಂಶ 2017ರಲ್ಲಿ ಬಂತು. ದಿನಕ್ಕೆ ಸುಮಾರು 850 ಕ್ಯಾಲೊರಿಯಂತೆ ಮೂರರಿಂದ ಐದು ತಿಂಗಳು ಶೇಕ್, ಸೂಪುಗಳ ಮೇಲೇ ಇದ್ದವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರ ಶುಗರ್ ವರ್ಷದ ಕೊನೆಗೆ ಮಾತ್ರೆಯಿಲ್ಲದೆ ಹತೋಟಿಯಲ್ಲಿತ್ತು. ಆದರೆ ಅವರು ಕಾಯಿಲೆ ಶುರುವಾಗಿ ಆರು ವರ್ಷದೊಳಗಿನವರು, ಮೈತೂಕ ಹೆಚ್ಚಿದ್ದವರು, ಇನ್ಸುಲಿನ್ ತೆಗೆದುಕೊಳ್ಳದವರು. ಕೆಲಸ ಮಾಡಿದ್ದು ಪುಡಿಯಲ್ಲಿದ್ದ ಮದ್ದಲ್ಲ, ಇಳಿದ ತೂಕ. ಶುಗರಿನ ಮಾತ್ರೆಗಳನ್ನು ವೈದ್ಯರ ಕಣ್ಗಾವಲಿನಲ್ಲಿ ಮೊದಲ ದಿನವೇ ನಿಲ್ಲಿಸಲಾಗಿತ್ತು.

ಈ ಕೊನೆಯ ಮಾತಿಗೆ ನಮ್ಮೂರಲ್ಲಿ ಯಾರೂ ಕಿವಿಗೊಡುವುದಿಲ್ಲ. ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡು, ಊಟ ಬಿಟ್ಟು ಬರೀ ಶೇಕ್ ಕುಡಿದರೆ ಶುಗರ್ 70ಕ್ಕಿಂತ ಕೆಳಗೆ ಜಾರಬಹುದು. ಕೈ ನಡುಗುತ್ತದೆ, ಬೆವರುತ್ತದೆ, ಮಾತು ತೊದಲುತ್ತದೆ. ಆಗ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಮೂತ್ರಪಿಂಡದ ತೊಂದರೆ ಇರುವವರಂತೂ ವೈದ್ಯರನ್ನು ಕೇಳದೆ ಈ ಪುಡಿಗಳನ್ನು ಮುಟ್ಟಲೇಬಾರದು.

ಇನ್ನು ನಮ್ಮ ಊಟ. ಕರಾವಳಿಗೆ ಕುಡಿಯುವ ಊಟ ಹೊಸತೇನಲ್ಲ, ಕುಚ್ಚಲಕ್ಕಿ ಗಂಜಿ ಇದ್ದೇ ಇದೆ. ಅದೂ ಶುಗರ್ ಏರಿಸುತ್ತದೆ, ಬಟ್ಟಲು ದೊಡ್ಡದಾದಷ್ಟೂ ಹೆಚ್ಚು. ಆದರೆ ಅರ್ಧ ಬಟ್ಟಲು ಗಂಜಿ, ಹರಿವೆ ಸೊಪ್ಪಿನ ಪಲ್ಯ, ಎರಡು ಬಂಗಡೆ ಇಟ್ಟುಕೊಂಡು ಕೂತರೆ ಯಾವ ಡಬ್ಬಿಗೂ ಸಾಟಿಯೆಂದು ನನ್ನ ನಂಬಿಕೆ. ನೂರು ಗ್ರಾಂ ಬಂಗಡೆಯಲ್ಲಿ ಹತ್ತಿರ ಹತ್ತಿರ 20 ಗ್ರಾಂ ಪ್ರೋಟೀನು. ಕಷ್ಟ ಬರುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ದೋಣಿಗಳು ಬಂದರಿನಲ್ಲೇ ನಿಂತಾಗ ತಟ್ಟೆಗೆ ಒಣಮೀನು ಬರುತ್ತದೆ. ಅದರ ಉಪ್ಪು ಬಿ.ಪಿ. ಇದ್ದವರಿಗೆ ಒಳ್ಳೆಯದಲ್ಲ. ಆಗ ಮೊಟ್ಟೆ, ಹೆಸರುಕಾಳೇ ಗತಿ. ಹಾಗೆಂದು ಡಬ್ಬಿಯೇ ಬೇಡವೆಂದಲ್ಲ. ಬೆಳಿಗ್ಗೆಯೇ ಕೆಲಸಕ್ಕೆ ಓಡುವವರು, ತಿಂಡಿಗೆ ಬನ್ನು-ಚಾ ಮುಗಿಸುವವರು, ಅದರ ಬದಲು ಒಳ್ಳೆಯ ಶೇಕ್ ಒಂದನ್ನು ಕುಡಿದರೆ ಲಾಭವೇ.

ಚಿಕ್ಕಮ್ಮ ಈಗ ಡಾಕ್ಟರಿಗೆ ಡಬ್ಬಿ ತೋರಿಸಿ ಬಂದಿದ್ದಾಳೆ. ರಾತ್ರಿ ಊಟ ಬೇಡವಾದ ದಿನ ಮಾತ್ರ ಅದು, ನೀರಿನಲ್ಲಿ. ಕುಡಿಯುವ ಮುಂಚೆ ಒಮ್ಮೆ, ಎರಡು ತಾಸಿನ ಮೇಲೆ ಒಮ್ಮೆ ಬೆರಳು ಚುಚ್ಚಿ ನೋಡುತ್ತಾಳೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ‘ಡ’ ಎಂದೂ ಗಂಜಿಯ ದಿನಕ್ಕೆ ‘ಗಂ’ ಎಂದೂ ಬರೆದು, ಕೆಳಗೆ ಎರಡೆರಡು ಸಂಖ್ಯೆ. ಹೋದ ವಾರ ಹೋದಾಗ ನೋಡಿದೆ, ‘ಡ’ ಎರಡೇ ಇದ್ದವು.