‘ಚಾಲೂ ಆಗವಲ್ದು’: ಹಳೆಯ ಕಂಪ್ಯೂಟರಿನ ರೋಗ ಹುಡುಕುವ ಕಸುಬು

ಮಲಪ್ರಭೆಯ ದಂಡೆಯ ಮುನವಳ್ಳಿಯಂಥ ಊರುಗಳಲ್ಲಿ ಹಳೆಯ ಕಂಪ್ಯೂಟರ್ ಅಷ್ಟು ಬೇಗ ಮೂಲೆ ಸೇರುವುದಿಲ್ಲ. ಡಿಟಿಪಿ ಅಂಗಡಿಯವರ ಹತ್ತಾರು ವರ್ಷಗಳ ಲಗ್ನಪತ್ರಿಕೆಗಳು ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ, ಪೇಜ್‌ಮೇಕರ್ ಪುಟಗಳಲ್ಲಿ ಕೂತಿರುತ್ತವೆ. ಹಳೆಯ ತಂತ್ರಾಂಶ ಹೊಸ ಯಂತ್ರಕ್ಕೆ ಸುಲಭಕ್ಕೆ ಒಗ್ಗುವುದಿಲ್ಲ. ಹಾಗಾಗಿ ಒಂದು ಮುಂಜಾನೆ ಆ ಡಬ್ಬಿ ಏಳದಿದ್ದರೆ ದಿನದ ದುಡಿಮೆಯೇ ನಿಲ್ಲುತ್ತದೆ. ಆಗ ಬೇಕಾಗುವವರು ರಿಪೇರಿಯವರು.

‘ಚಾಲೂ ಆಗವಲ್ದ್ರಿ’ ಎಂಬ ದೂರನ್ನು ಬಲ್ಲವರು ಮೊದಲು ಮೂರಾಗಿ ಒಡೆಯುತ್ತಾರೆ. ಕರೆಂಟೇ ಬರುತ್ತಿಲ್ಲವೋ? ಫ್ಯಾನ್ ತಿರುಗಿಯೂ ಡಿಸ್‌ಪ್ಲೇ ಇಲ್ಲವೋ? ಡಿಸ್‌ಪ್ಲೇ ಬಂದು ವಿಂಡೋಸ್ ಅರ್ಧಕ್ಕೇ ನಿಲ್ಲುತ್ತದೋ? ಮೂರಕ್ಕೂ ದಾರಿ ಬೇರೆ.

ಕರೆಂಟೇ ಇಲ್ಲವೆಂದರೆ ಗೋಡೆಯ ಪ್ಲಗ್ಗು, ಯುಪಿಎಸ್, ವೈರು ನೋಡಿ, ಯಂತ್ರಕ್ಕೆ ಕರೆಂಟು ಹಂಚುವ ಎಸ್‌ಎಂಪಿಎಸ್‌ಗೆ ಬರುತ್ತಾರೆ. ಮದರ್‌ಬೋರ್ಡಿನಿಂದ ಬಿಡಿಸಿದ ದೊಡ್ಡ ಕನೆಕ್ಟರಿನಲ್ಲಿ ಹಸಿರು ಮತ್ತು ಕಪ್ಪು ತಂತಿಗಳನ್ನು ಜೋಡಿಸಿದರೆ ಅದು ಒಂಟಿಯಾಗಿಯೇ ಎದ್ದೇಳಬೇಕು. ಫ್ಯಾನ್ ತಿರುಗಿದ ಮಾತ್ರಕ್ಕೆ ಅದು ಪಾಸಾಗಲಿಲ್ಲ. ಹಳದಿ ತಂತಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಇದೆಯೇ ಎಂದು ಮಲ್ಟಿಮೀಟರ್ ಹೇಳಬೇಕು. ಶೇ 5ರಷ್ಟು ಹೆಚ್ಚುಕಡಿಮೆ ನಡೆಯುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ಕಸುಬಿನ ಅಸಲು ಪರೀಕ್ಷೆ ಶುರು. ಕಂಪ್ಯೂಟರ್ ಏಳುವಾಗ ತನ್ನನ್ನು ತಾನೇ ತಪಾಸಣೆ ಮಾಡಿಕೊಂಡು, ದೋಷ ಕಂಡರೆ ಬೀಪ್ ಹೊಡೆಯುತ್ತದೆ. ಈ ತಪಾಸಣೆ ನಡೆಸುವ ಬೋರ್ಡಿನ ಮೂಲ ತಂತ್ರಾಂಶವೇ ಬಯಾಸ್; ಒಂದೊಂದು ಕಂಪನಿಯ ಬಯಾಸ್‌ಗೆ ಒಂದೊಂದು ಸಂಕೇತ. ಬಿಡದೆ ಹೊಡೆದುಕೊಂಡರೆ ಬಹಳ ಸಲ ರ‍್ಯಾಮ್ ಮೇಲೆಯೇ ಗುಮಾನಿ. ರ‍್ಯಾಮ್ ತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಹಗುರಾಗಿ ಉಜ್ಜಿ, ಮತ್ತೆ ಕೂರಿಸಿದರೆ ಎಷ್ಟೋ ಯಂತ್ರಗಳು ಏಳುತ್ತವೆ. ಏಳದಿದ್ದರೆ ಎಲ್ಲವನ್ನೂ ಕಳಚಿ, ಬೋರ್ಡು, ಪ್ರೊಸೆಸರ್, ಒಂದೇ ರ‍್ಯಾಮ್ ಇಟ್ಟು ನೋಡುತ್ತಾರೆ. ಆಮೇಲೆ ಒಂದೊಂದೇ ಭಾಗ ಸೇರಿಸುತ್ತ ಹೋಗುತ್ತಾರೆ. ಯಾವುದನ್ನು ಸೇರಿಸಿದಾಗ ನಿಂತಿತೋ ಅಲ್ಲಿದೆ ರೋಗ. ಒಮ್ಮೆಗೆ ಎರಡು ಬದಲಾವಣೆ ಮಾಡಬಾರದು ಎಂಬುದು ಇಲ್ಲಿಯ ಮೊದಲ ನಿಯಮ.

2000ದ ದಶಕದ ಬೋರ್ಡುಗಳಲ್ಲಿ ಕಣ್ಣಿಗೇ ಕಾಣುವ ರೋಗವೊಂದಿದೆ: ಉಬ್ಬಿದ ಕೆಪ್ಯಾಸಿಟರುಗಳು. ಆ ಕಾಲದಲ್ಲಿ ಜಗತ್ತಿನಾದ್ಯಂತ ಕಳಪೆ ಎಲೆಕ್ಟ್ರೋಲೈಟ್ ತುಂಬಿದ ಕೆಪ್ಯಾಸಿಟರುಗಳು ಹಲವು ಬ್ರ್ಯಾಂಡುಗಳ ಬೋರ್ಡುಗಳನ್ನು ಸೇರಿದ್ದವು. ನಯವಾಗಿ ಬೆಸುಗೆ ಹಾಕಬಲ್ಲವರು ಅವನ್ನಷ್ಟೇ ಬದಲಿಸಿ ಬೋರ್ಡು ಉಳಿಸುತ್ತಾರೆ. ಚಾಲೂ ಆಗಿ ಕೆಲ ನಿಮಿಷಕ್ಕೇ ಆರುವ ಯಂತ್ರದಲ್ಲಿ ಹೀಟ್‌ಸಿಂಕಿಗೆ ಮೆತ್ತಿದ ಧೂಳು, ಒಣಗಿದ ಥರ್ಮಲ್ ಪೇಸ್ಟ್ ನೋಡಬೇಕು. ಎರೆನೆಲದ ಬೇಸಿಗೆಯಲ್ಲಿ ಧೂಳಿಗೆ ಬರವಿಲ್ಲ.

ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಚಿಕ್ಕದಾದರೂ ದೊಡ್ಡ ಗೊಂದಲ ಎಬ್ಬಿಸಬಲ್ಲದು. ಅದರ 3 ವೋಲ್ಟ್ ಬತ್ತಿದರೆ ಗಡಿಯಾರ ಹಳೆಯ ತಾರೀಖಿಗೆ ಮರಳುತ್ತದೆ, ಬಯಾಸ್ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಹಾರ್ಡ್‌ಡಿಸ್ಕಿನ ಮೋಡ್ ಬದಲಾಗಿಬಿಟ್ಟರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಇಂಥ ಯಂತ್ರಕ್ಕೆ ಬೇಕಾದದ್ದು ಹೊಸ ಬ್ಯಾಟರಿ ಮತ್ತು ಸರಿಯಾದ ಸೆಟ್ಟಿಂಗ್; ಫಾರ್ಮ್ಯಾಟ್ ಅಲ್ಲ.

ವಿಂಡೋಸ್ ಅರ್ಧಕ್ಕೇ ನಿಲ್ಲುವ ಮೂರನೆಯ ಬಗೆಯ ತೊಂದರೆಗೆ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಳ್ಳೆಯ ಸಾಕ್ಷಿ. ಅದರಿಂದ ಯಂತ್ರ ಸಲೀಸಾಗಿ ನಡೆದರೆ ಬೋರ್ಡು, ರ‍್ಯಾಮ್ ಬಹುಮಟ್ಟಿಗೆ ಗಟ್ಟಿ. ಹುಡುಕಾಟ ಡಿಸ್ಕಿನತ್ತ, ವಿಂಡೋಸ್‌ನತ್ತ ತಿರುಗುತ್ತದೆ. ಡಿಸ್ಕು ಟಿಕ್ ಟಿಕ್ ಎನ್ನುತ್ತಿದ್ದರೆ ತಕ್ಷಣ ಆರಿಸಬೇಕು. ಮೊದಲ ಕೆಲಸ ಕಡತಗಳ ನಕಲು, ರಿಪೇರಿ ಆಮೇಲೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗದ ಕಡೆ ನೀರು ನುಗ್ಗಿದ್ದು ಇಲ್ಲಿಯವರಿಗೆ ನೆನಪಿದೆ. ನೀರು ಹೊಕ್ಕ ಯಂತ್ರಕ್ಕೂ ಇದೇ ಎಚ್ಚರ ಬೇಕು: ‘ನಡೀತದೇನು ನೋಡೋಣ’ ಎಂದು ಸ್ವಿಚ್ ಒತ್ತಲೇಬಾರದು. ಕೆಸರು ತೊಳೆದು ಪೂರ್ತಿ ಒಣಗಿಸುವ ಮುಂಚೆ ಹರಿಸಿದ ಕರೆಂಟು, ನೀರು ಉಳಿಸಿದ್ದನ್ನೂ ಸುಡುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳು ವಿಂಡೋಸ್ 11ರ ಷರತ್ತಿಗೆ ಹೊಂದುವುದಿಲ್ಲ. ಅವುಗಳಲ್ಲಿ ಲಿನಕ್ಸ್ ಹಾಕಬಹುದು. ಹಳೆಯ ತಂತ್ರಾಂಶ ಬಿಡಲಾಗದವರು ಇಂಟರ್‌ನೆಟ್ ತಪ್ಪಿಸಿ ಬರೀ ಅಕ್ಷರ ಜೋಡಣೆಗೆ ಇಟ್ಟುಕೊಳ್ಳಬಹುದು. ಹಾಗಾಗಿ ಈ ಕಸುಬಿನ ಅಗತ್ಯ ಈಗ ಹೆಚ್ಚಿದೆ.

ಆದರೆ ಗಿರಾಕಿಗಳಾದ ನಾವು ಹೊಸ ಸಾಮಾನಿಗೆ ದುಡ್ಡು ಕೊಡುತ್ತೇವೆ, ಹುಡುಕಾಟಕ್ಕೆ ಕೊಡಲು ಹಿಂದೆಮುಂದೆ ನೋಡುತ್ತೇವೆ. ‘ಏನೂ ಹಾಕಿಲ್ಲಲ್ಲ, ರೊಕ್ಕ ಯಾಕ?’ ಎಂಬ ಪ್ರಶ್ನೆಯೇ ಬೇಡದ ಬಿಡಿಭಾಗಗಳ ಮಾರಾಟಕ್ಕೆ ದಾರಿ ಮಾಡುತ್ತದೆ. ರ‍್ಯಾಮ್ ಉಜ್ಜಿ ಕೂರಿಸಿದ್ದಕ್ಕೇ ಯಂತ್ರ ಎದ್ದಿದ್ದರೆ, ಅದೇ ಕಾರಣವೆಂದು ಗೊತ್ತುಮಾಡಿದ ಬುದ್ಧಿಗೆ ಬೆಲೆಯಿದೆ. ‘ಏನಾಗಿತ್ತು, ತೋರಿಸ್ರಿ’ ಎಂದು ಕೇಳಿ ತಿಳಿದುಕೊಳ್ಳಿ. ಕಾರಣ ತೋರಿಸಿದವರಿಗೆ ಚೌಕಾಸಿ ಮಾಡದೆ ಕೂಲಿ ಕೊಡಿ. ಈ ಕಸುಬು ಊರಲ್ಲಿ ಉಳಿಯುವುದು ಆ ಕೂಲಿಯಿಂದಲೇ.