ನಿಮಗಿದು ಗೊತ್ತೆ? ಗೂಡಿನೊಳಗಿನ ಬಿಸಿಲು

ಆಸ್ಟ್ರೇಲಿಯಾದ ಒಣನಾಡಿನ ಓತಿಕ್ಯಾತ ಬಿಯರ್ಡೆಡ್ ಡ್ರ್ಯಾಗನ್ ಅನ್ನು ಗೂಡಿನಲ್ಲಿ ಸಾಕುವವರು ಅದಕ್ಕೆ ಬಿಸಿಲನ್ನೂ ಒದಗಿಸಬೇಕು. ಸರೀಸೃಪಗಳಿಗೆಂದೇ ತಯಾರಾದ ಪಾದರಸದ ಆವಿಯ ಬಲ್ಬು ಬೆಳಕು, ಶಾಖ, ಯುವಿ-ಬಿ ಎಂಬ ನೇರಳಾತೀತ ಕಿರಣ ಮೂರನ್ನೂ ಕೊಡುತ್ತದೆ.

• ಯುವಿ-ಬಿ ಬಿದ್ದಾಗ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ. ಅದು ಸಾಲದಿದ್ದರೆ ಕ್ಯಾಲ್ಸಿಯಂ ಮೈಗೆ ಹತ್ತದೆ ಮೂಳೆ ಮೆತ್ತಗಾಗುತ್ತದೆ, ದವಡೆ ಊದುತ್ತದೆ, ಕಾಲು ಸೊಟ್ಟಗಾಗುತ್ತದೆ.

• ಬಲ್ಬಿಗೂ ಪ್ರಾಣಿಗೂ ನಡುವೆ ಗಾಜಿನ ಮುಚ್ಚಳ ಬೇಡ. ಮಾಮೂಲಿ ಗಾಜು ಯುವಿ-ಬಿಯನ್ನು ತಡೆಯುತ್ತದೆ.

• ಪಿಂಗಾಣಿ ಹೋಲ್ಡರ್ ಇರಲಿ. ಪ್ಲಾಸ್ಟಿಕ್ ಕಾವಿಗೆ ಕರಗೀತು. ಬಲ್ಬು ನೇರ ಕೆಳಮುಖವಾಗಿರಲಿ. ಪೊಟ್ಟಣದ ಮೇಲೆ ಹೇಳಿದ ಅಂತರಕ್ಕಿಂತ ಹತ್ತಿರ ತರಬೇಡಿ.

• ಡಿಮ್ಮರ್, ಥರ್ಮೋಸ್ಟಾಟ್ ಇದಕ್ಕೆ ಒಗ್ಗುವುದಿಲ್ಲ. ಆರಿದ ಬಲ್ಬು ತಣ್ಣಗಾಗುವ ತನಕ ಮತ್ತೆ ಹೊತ್ತುವುದಿಲ್ಲ. ಶಾಖ ಹೆಚ್ಚಾದರೆ ಬಲ್ಬನ್ನು ಮೇಲಕ್ಕೆ ಏರಿಸಿ.

• ಹೊರಗಾಜು ಒಡೆದರೂ ಒಳಗಿನ ಕೊಳವೆ ಉರಿಯುತ್ತಿರಬಹುದು. ಆಗ ಹೊಮ್ಮುವ ಯುವಿ-ಸಿ ಕಣ್ಣು, ಚರ್ಮವನ್ನು ಸುಡುತ್ತದೆ. ಕೂಡಲೇ ಸ್ವಿಚ್ ಆರಿಸಿ.

• ಬೆಳಕು ಚೆನ್ನಾಗಿದ್ದರೂ ಯುವಿ-ಬಿ ಕಾಲಕ್ರಮೇಣ ಕುಗ್ಗುತ್ತದೆ. ಮೀಟರ್‌ನಿಂದ ಅಳೆದು ಬಲ್ಬು ಬದಲಿಸಿ. ಹಳೆಯದರಲ್ಲಿ ಪಾದರಸವಿರುವುದರಿಂದ ಮನೆಯ ಕಸಕ್ಕೆ ಎಸೆಯದೆ ಅಪಾಯಕಾರಿ ತ್ಯಾಜ್ಯವಾಗಿ ಬೇರೆಯಾಗಿ ಕೊಡಿ.